ಸಂಶಯಪಡುವ ಸಂಪಾದಕರಿಗೆ ಕೆಲಸ ಕೊಡಿ

ಕಥೆ ಬರೆಯುವವರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ದೀಪಾವಳಿ ವಿಶೇಷಾಂಕಕ್ಕೆಂದು ಅತಿಮಾನುಷ ಸಾಹಸದ ನೀಳ್ಗತೆ ಬರೆಯುತ್ತಿದ್ದೇನೆ. ಮಂಗಳೂರಿನ ವಾರಪತ್ರಿಕೆಯೊಂದರ ಸಂಪಾದಕರು ಕುಲೆಯ, ಅಂದರೆ ಪ್ರೇತದ, ಕಾಟವಿರುವ ಗುತ್ತಿನ ಮನೆಗೆ (ತುಳುನಾಡಿನ ಹಳೆಯ ಜಮೀನ್ದಾರಿ ಮನೆತನದ ಮನೆ) ಬರುತ್ತಾರೆ. ಎಲ್ಲರನ್ನೂ ಗೇಲಿ ಮಾಡುತ್ತಾರೆ, ಕೊನೆಗೆ ಹೆದರಿ ನಂಬುತ್ತಾರೆ. ಓದಿದ ಗೆಳತಿ ‘ಮೊದಲ ಪುಟದಲ್ಲೇ ಕೊನೆ ಗೊತ್ತಾಯಿತು’ ಎಂದಳು. ಏನು ಮಾಡಲಿ?
– ಓದುಗರು, ಕಟಪಾಡಿ

ಉತ್ತರ: ನಿಮ್ಮ ಗೆಳತಿ ಒಳ್ಳೆಯ ಓದುಗಾರ್ತಿ. ನಿಮ್ಮ ಸಂಪಾದಕರು ಕಥೆಯೊಳಗೆ ಬಂದಿರುವುದೇ ಸೋಲಲಿಕ್ಕೆ. ನಗುವುದು, ಆಮೇಲೆ ಬೆವರುವುದು ಬಿಟ್ಟರೆ ಅವರಿಗೆ ನೀವು ಬೇರೆ ಕೆಲಸವನ್ನೇ ಕೊಟ್ಟಿಲ್ಲ. ಕಥಾ ವಿಭಾಗದಲ್ಲಿ ಕೂತು ಇಂಥ ಸಂಪಾದಕರನ್ನು, ಡಾಕ್ಟರನ್ನು, ಇನ್ಸ್‌ಪೆಕ್ಟರನ್ನು ಎಷ್ಟೋ ಹಸ್ತಪ್ರತಿಗಳಲ್ಲಿ ಕಂಡಿದ್ದೇನೆ. ಪ್ರತಿ ಸಲವೂ ಅವರ ಮೇಲೆ ನನಗೆ ಕನಿಕರ ಹುಟ್ಟುತ್ತದೆ. ‘ಕಂಡವರು ಯಾರು? ನೀವೇ ಕಂಡಿರೋ, ಯಾರಾದರೂ ಹೇಳಿದ್ದೋ? ತಾರೀಕು ಯಾವುದು?’ ಎಂದು ಕೇಳದೆ ಒಂದು ತೆಂಗಿನಕಾಯಿ ಕಳವಿನ ಸುದ್ದಿಯನ್ನೂ ಅಚ್ಚಿಗೆ ಕಳಿಸದವರು ಅವರು. ಕುಲೆಯ ವಿಷಯದಲ್ಲೂ ಅದನ್ನೇ ಕೇಳಲಿ. ಅವರ ಸಂಶಯವೇ ಕಥೆಯನ್ನು ಮುಂದಕ್ಕೆ ಎಳೆಯಬೇಕು.

‘ಟಿಪ್ಪುವಿನ ಕಾಲದಿಂದಲೂ ರಾತ್ರಿ ಈ ಹಂಚಿನ ಮೇಲೆ ಹೆಜ್ಜೆ ಕೇಳಿಸುತ್ತದೆ’ ಎಂದು ಮನೆಯ ಯಜಮಾನರು ಹೇಳಿದರು ಎಂದಿಟ್ಟುಕೊಳ್ಳಿ. ಸಂಪಾದಕರು ಏಣಿ ತರಿಸಿ, ಒಂದು ಹಂಚು ತೆಗೆಸಿ, ಮಗುಚಿ ನೋಡುತ್ತಾರೆ. ಅದರಲ್ಲಿ ಕಾರ್ಖಾನೆಯ ಮುದ್ರೆ ಇದೆ. ಟಿಪ್ಪು ಮಡಿದದ್ದು 1799ರಲ್ಲಿ; ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಾಗಾದರೆ ಹಂಚು ಬಂದ ಮೇಲೆ ಹುಟ್ಟಿದ ಕಥೆಯನ್ನು ಅಷ್ಟು ಹಿಂದಕ್ಕೆ ತಳ್ಳಿದವರು ಯಾರು? ಮುಳಿಹುಲ್ಲಿನ ಮಾಡು ತೆಗೆದು ಹಂಚು ಹೊದೆಸಿದ ವರ್ಷ ಆ ಮನೆಯಲ್ಲಿ ತೀರಿಕೊಂಡವರು ಯಾರು? ನಂಬದವರ ಒಂದು ಪ್ರಶ್ನೆಯಿಂದ ನಿಮಗೆ ಇಡೀ ಅಧ್ಯಾಯವೇ ಸಿಕ್ಕಿತು, ಹೆದರಿಕೆಯೂ ಹೆಚ್ಚಿತು. ಮರುರಾತ್ರಿ ಅವರು ಟಾರ್ಚು ಹಿಡಿದು ಮಾಡಿನ ಮೇಲಿನ ಕಬ್ಬೆಕ್ಕನ್ನು ಎಲ್ಲರಿಗೂ ತೋರಿಸಲಿ. ಅದು ಓಡಿಹೋದ ಮೇಲೂ ನಿಲ್ಲದ ಸದ್ದು ಯಾವುದೋ, ನಿಮ್ಮ ಕಥೆ ಅಲ್ಲಿಂದ ಹೊರಡಲಿ.

ನಿಜಜೀವನದಲ್ಲಿ ಇಂಥ ಸಂಪಾದಕರೊಬ್ಬರಿದ್ದರು. ಅವರ ವಿಷಯ ಬಂದರೆ ನನಗೆ ಮಾತು ಸಾಕೆನಿಸುವುದಿಲ್ಲ. ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಹಳ್ಳಿಯಲ್ಲಿ 1917ರಲ್ಲಿ ಇಬ್ಬರು ಹುಡುಗಿಯರು, ಎಲ್ಸಿ ಮತ್ತು ಫ್ರಾನ್ಸಿಸ್, ತೊರೆಯ ಬದಿಯಲ್ಲಿ ಯಕ್ಷಿಣಿಯರ ಫೋಟೋ ತೆಗೆದೆವು ಎಂದರು. ಪತ್ತೇದಾರಿ ಕಥೆಗಳಿಂದ ಲೋಕವಿಖ್ಯಾತರಾಗಿದ್ದ ಆರ್ಥರ್ ಕಾನನ್ ಡಾಯ್ಲ್ ಅದನ್ನು ನಂಬಿ 1920ರಲ್ಲಿ ಪತ್ರಿಕೆಯಲ್ಲಿ ಲೇಖನ ಬರೆದರು. ಆರು ದಶಕ ಚರ್ಚೆ ನಡೆಯಿತು. ಕೊನೆಗೆ ‘ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿ’ಯ ಸಂಪಾದಕ ಜೆಫ್ರಿ ಕ್ರಾಲಿ ಕ್ಯಾಮೆರಾ, ಚಿತ್ರದ ಪ್ರತಿಗಳು, ಹಳೆಯ ಪತ್ರಗಳನ್ನೆಲ್ಲ ತಾಳ್ಮೆಯಿಂದ ಪರಿಶೀಲಿಸಿ 1982–83ರಲ್ಲಿ ಲೇಖನಮಾಲೆ ಪ್ರಕಟಿಸಿದರು. ಆ ಹೊತ್ತಿಗೆ ಮುದುಕಿಯರಾಗಿದ್ದ ಇಬ್ಬರೂ 1983ರಲ್ಲಿ ಒಪ್ಪಿಕೊಂಡರು: ಕಾಗದದಲ್ಲಿ ಕತ್ತರಿಸಿದ ಚಿತ್ರಗಳು, ಟೋಪಿಗೆ ಚುಚ್ಚುವ ಪಿನ್ನಿನಿಂದ ನಿಲ್ಲಿಸಿದ್ದವು. ಆದರೆ ಐದು ಚಿತ್ರಗಳಲ್ಲಿ ಕೊನೆಯದು ಮಾತ್ರ ನಿಜವೆಂದು ಫ್ರಾನ್ಸಿಸ್ ಕಡೆಯವರೆಗೂ ಹೇಳಿದರು. ನಿಮ್ಮ ಸಂಪಾದಕರು ಆ ಐದನೆಯ ಚಿತ್ರದ ಎದುರು ಕೂತಿರುವಂತೆ ಬರೆಯಿರಿ. ನಾಲ್ಕು ಬಿಡಿಸಿದ್ದಾರೆ, ಒಂದು ಉಳಿದಿದೆ.

ಅವರನ್ನು ಕೊನೆಯಲ್ಲಿ ಭಕ್ತರನ್ನಾಗಿ ಮಾಡಲೇಬೇಕಿಲ್ಲ. ಸಂಪಾದಕರ ಸಂಕಟ ‘ಕುಲೆ ಇದೆಯೋ ಇಲ್ಲವೋ’ ಎಂಬಲ್ಲಿಗೆ ನಿಲ್ಲುವುದಿಲ್ಲ. ತಾವೇ ಕಂಡದ್ದನ್ನು ಬೇರೆ ಯಾರಾದರೂ ಬರೆದು ತಂದಿದ್ದರೆ ತಿರಸ್ಕರಿಸುತ್ತಿದ್ದೆ ಎಂದು ಅವರಿಗೆ ಗೊತ್ತು. ಈಗ ತಮ್ಮದೇ ವರದಿ ಮೇಜಿನ ಮೇಲಿದೆ, ಮುದ್ರಣಕ್ಕೆ ಹೋಗುವ ಹೊತ್ತು ಹತ್ತಿರವಾಗಿದೆ. ಅಲ್ಲಿ ಅವರ ಪೆನ್ನು ಏನು ಮಾಡುತ್ತದೆ ಎಂಬುದನ್ನು ಓದಲು ನಾನಂತೂ ನಿದ್ದೆಗೆಟ್ಟು ಕೂರುತ್ತೇನೆ.

ಪ್ರಶ್ನೆ: ನನ್ನ ಕಥೆಯಲ್ಲಿ ಸಂದೇಹವಾದಿ ಪತ್ರಕರ್ತರು ಕೋಲದ (ದೈವಕ್ಕೆ ಸಲ್ಲಿಸುವ ನರ್ತನಸೇವೆಯ) ಗದ್ದೆಗೆ ಬರುತ್ತಾರೆ. ಕುಲೆ, ದೈವ ಎರಡನ್ನೂ ಒಂದೇ ಕಥೆಯಲ್ಲಿ ತರಬಹುದೇ?
– ಓದುಗರು, ಸುರತ್ಕಲ್

ಉತ್ತರ: ತರಬಹುದು, ಕಲಸಬಾರದು. ಕುಲೆ ಎಂದರೆ ತೀರಿಕೊಂಡ ನಮ್ಮವರೇ. ದೈವ ಊರನ್ನು ಕಾಯುವ ಶಕ್ತಿ, ನ್ಯಾಯ ಹೇಳುವ ಪೀಠ. ಪಂಜುರ್ಲಿ ದೈವವನ್ನು ದೆವ್ವದಂತೆ ಕಿರುಚಿಸುವ ಕಥೆಗಳು ಬಂದಾಗ ನನಗೆ ನಿಜಕ್ಕೂ ನೋವಾಗುತ್ತದೆ. ನಿಮ್ಮ ಪತ್ರಕರ್ತರು ನಂಬದಿರಲಿ, ಆದರೆ ಕಣ್ಣು ಬಿಟ್ಟು ನೋಡಲಿ. ಎಣ್ಣೆಬೂಳ್ಯ (ಕೋಲ ಕಟ್ಟುವವರಿಗೆ ಕೊಡುವ ಎಣ್ಣೆ, ವೀಳ್ಯ) ಪಡೆದು ಬಣ್ಣಕ್ಕೆ ಕೂತ ಕಲಾವಿದರ ಪಕ್ಕದಲ್ಲಿ ಅವರ ಮನೆಯವರು ಹಾಡುವ ದೈವದ ಕಥೆಯ ಪಾಡ್ದನ, ಕಾಲಿಗೆ ಗಗ್ಗರ ಕಟ್ಟುವ ಗಳಿಗೆ, ಜಾಗದ ತಕರಾರು ಹೊತ್ತು ನಿಂತ ಅಣ್ಣತಮ್ಮಂದಿರು ದೈವದ ನುಡಿಗಾಗಿ ಕಾಯುವ ರೀತಿ. ನಂಬದವರ ಕಣ್ಣಿಗೆ ಇಷ್ಟೂ ಬೀಳುತ್ತದೆ.

ಕುಲೆಗೆ ಇನ್ನೊಂದು ದಾರಿ ಇದೆ. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಪ್ರೇತಮದುವೆ ಮಾಡುವ ಪದ್ಧತಿ ತುಳುನಾಡಿನಲ್ಲಿದೆ. ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಮಗಳಿಗೆ ವರ ಬೇಕೆಂದು ದಕ್ಷಿಣ ಕನ್ನಡದ ಕುಟುಂಬವೊಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು 2024ರಲ್ಲಿ ದೇಶವಿಡೀ ಸುದ್ದಿಯಾಯಿತು. ಅಂಥ ಜಾಹೀರಾತನ್ನು ಹಿಡಿದು ಒಬ್ಬ ತಾಯಿ ನಿಮ್ಮ ಪತ್ರಕರ್ತರ ಕಚೇರಿಗೆ ಬರಲಿ. ನಂಬಿಕೆಯಿಲ್ಲದವರು ಅದನ್ನು ಅಚ್ಚು ಹಾಕುತ್ತಾರೆಯೇ, ದುಡ್ಡು ತೆಗೆದುಕೊಳ್ಳುತ್ತಾರೆಯೇ? ಕಥೆ ಕೋಲದ ಗದ್ದೆಗೆ ಬರುವ ಮೊದಲೇ ಶುರುವಾಗಿಬಿಡುತ್ತದೆ.

ಪ್ರಶ್ನೆ: ಮೊಬೈಲ್ ಇರುವ ಕಾಲದಲ್ಲಿ ಇಂಥ ಕಥೆ ನಂಬುವಂತಿರುತ್ತದೆಯೇ? ಯಾವ ಕಾಲ ಆರಿಸಿಕೊಳ್ಳಲಿ?
– ಓದುಗರು, ಮಲ್ಪೆ

ಉತ್ತರ: 1976. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದ ವರ್ಷ ಅದು. ನಿಮ್ಮ ಸಂಪಾದಕರಿಗೆ ಹುಮ್ಮಸ್ಸು ಅಲ್ಲಿಂದ ಬರಲಿ. ತುರ್ತು ಪರಿಸ್ಥಿತಿಯ ಸೆನ್ಸಾರ್ ಬೇರೆ. ಸರ್ಕಾರದ ಬಗ್ಗೆ ಬರೆಯುವಂತಿಲ್ಲ, ಕುಲೆಯ ಬಗ್ಗೆ ಬರೆದರೆ ಯಾರ ತಕರಾರೂ ಇಲ್ಲ. ಸತ್ಯ ಹುಡುಕುವ ಚಟವಿರುವ ಮನುಷ್ಯನಿಗೆ ಉಳಿದ ಒಂದೇ ಬಾಗಿಲು ಆ ಗುತ್ತಿನ ಮನೆಯದು. ಮೊಳೆ ಜೋಡಿಸುವ ಅಚ್ಚುಕೂಟ, ಸಿಗದ ಟ್ರಂಕ್ ಕಾಲ್, ಮಳೆಗಾಲದಲ್ಲಿ ನಿಂತುಹೋಗುವ ದೋಣಿ ಎಲ್ಲವೂ ನಿಮಗೆ ಒದಗುತ್ತವೆ. 1977ರ ಮಾರ್ಚಿನಲ್ಲಿ ಸೆನ್ಸಾರ್ ತೊಲಗುತ್ತದೆ. ಕಥೆ ಅದಕ್ಕೆ ಮೊದಲೇ ಮುಗಿಯುವಂತೆ ನೋಡಿಕೊಳ್ಳಿ.