ಗುಲ್ಮಾರ್ಗ್‌ನ ಎರಡನೇ ಹಂತದಿಂದ ಸ್ಕೀಯಲ್ಲಿ ಇಳಿಯುವ ಮುನ್ನ: ಹಾಸನದ ಗೆಳೆಯರಿಗೆ ಉತ್ತರ

ಹಾಸನದ ಗೆಳೆಯರು ಕೇಳಿರುವ ಪ್ರಶ್ನೆಯ ತಿರುಳು ಇಷ್ಟು: ನಾಲ್ವರು ಸ್ನೇಹಿತರು ಎತ್ತಿನಭುಜ, ಕುಮಾರ ಪರ್ವತ, ಮುಳ್ಳಯ್ಯನಗಿರಿಗಳನ್ನು ಹತ್ತಿಳಿದು ಪಳಗಿದ್ದಾರೆ. ಬರುವ ಫೆಬ್ರವರಿಯಲ್ಲಿ ಹತ್ತು ದಿನ ಗುಲ್ಮಾರ್ಗ್‌ನಲ್ಲಿದ್ದು ಸ್ಕೀಯಿಂಗ್ ಕಲಿತು, ಕೊನೆಯ ಎರಡು ದಿನ ಅಲ್ಲಿನ ಗೊಂಡೋಲಾ ಎಂಬ ಕೇಬಲ್ ಕಾರಿನ ಎರಡನೇ ಹಂತದಿಂದ ಹೊಸ ಹಿಮದಲ್ಲಿ ಇಳಿಯಬೇಕೆಂಬುದು ಅವರ ಆಸೆ; ಅದಕ್ಕೆ ಸಲಕರಣೆಗಳನ್ನು ಕೊಳ್ಳಬೇಕೇ ಎಂಬುದು ಸಂದೇಹ. ಹತ್ತು ದಿನಗಳಲ್ಲಿ ಸ್ಕೀಯ ಮೇಲೆ ನಿಲ್ಲುವುದು, ತಿರುಗುವುದು, ನಿಲ್ಲಿಸುವುದು ಖಂಡಿತ ಬರುತ್ತದೆ. ಅದೇ ಪ್ರವಾಸದಲ್ಲಿ ಎರಡನೇ ಹಂತದಿಂದ ಇಳಿಯುವುದು ಬೇಡ. ಸಲಕರಣೆಯನ್ನೂ ಈಗಲೇ ಕೊಳ್ಳಬೇಡಿ. ನೀವು ಕೇಳದಿರುವ ಒಂದು ಸಂಗತಿ, ಅಂದರೆ ನಾಲ್ವರೂ ಸೇರಿ ಬೆಟ್ಟದ ಮೇಲೆ ತೀರ್ಮಾನ ತೆಗೆದುಕೊಳ್ಳುವುದು ಹೇಗೆ ಎಂಬುದು, ಇವೆಲ್ಲಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ.

ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ ಮೊದಲ ಹಂತ ಕೊಂಗ್ಡೋರಿಯವರೆಗೆ ಹೋಗುತ್ತದೆ. 2005ರಲ್ಲಿ ಆರಂಭವಾದ ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ, ಹೆಚ್ಚುಕಡಿಮೆ 3,950 ಮೀಟರ್‌ಗೆ ತಲುಪಿಸುತ್ತದೆ. ನಮ್ಮ ಮುಳ್ಳಯ್ಯನಗಿರಿಯ 1,930 ಮೀಟರಿನ ಎರಡು ಪಟ್ಟಿಗಿಂತ ಮೇಲೆ, ಅದೂ ಒಂದು ಹೆಜ್ಜೆಯನ್ನೂ ನಡೆಯದೆ ನಿಂತಿರುತ್ತೀರಿ. ಕಾಲಿಟ್ಟು ಹತ್ತಿದವರಿಗೆ ಬೆಟ್ಟ ದಾರಿಯುದ್ದಕ್ಕೂ ಒಂದಿಷ್ಟು ಸುಳಿವು ಕೊಡುತ್ತದೆ. ತಂತಿಯಲ್ಲಿ ತೂಗಿಕೊಂಡು ಬಂದವರಿಗೆ ಆ ಸುಳಿವು ಯಾವುದೂ ಇರುವುದಿಲ್ಲ. ಅಲ್ಲಿ ಸ್ಕೀ ಗಸ್ತಿನವರ ನಿಗಾ ಇರುವುದು ಗೊಂಡೋಲಾದ ಸುತ್ತಲಿನ ಮುಖ್ಯ ಬೋಗುಣಿಯಂಥ ಕಣಿವೆಗೆ ಮಾತ್ರ. ಅದರಾಚೆ ಎಡಕ್ಕೂ ಬಲಕ್ಕೂ ಹರಡಿರುವ ಇಳಿಜಾರುಗಳೆಲ್ಲ ಅವರವರ ಹೊಣೆ.

ಇನ್ನು ಕಲಿಕೆಯ ವಿಷಯ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಗುಲ್ಮಾರ್ಗ್‌ನಲ್ಲೇ ತರಬೇತಿ ನಡೆಸುತ್ತದೆ. ಸೀಟುಗಳು ಬೇಗ ತುಂಬುವುದರಿಂದ ಮಳೆಗಾಲ ಮುಗಿಯುತ್ತಿದ್ದಂತೆ ವಿಚಾರಿಸುವುದು ಒಳ್ಳೆಯದು. ಮಲೆನಾಡಿನ ಚಾರಣಿಗರಿಗೆ ಸ್ಕೀ ಕಲಿಯುವಾಗ ಎದುರಾಗುವ ವಿಶೇಷ ತೊಡಕೊಂದಿದೆ. ಮಳೆಯಲ್ಲಿ ನೆನೆದ ಹುಲ್ಲಿನ ಜಾರಿನಲ್ಲಿ ಇಳಿಯುವಾಗ ಮೈಯನ್ನು ಹಿಂದಕ್ಕೆ ಒರಗಿಸಿ, ಹಿಮ್ಮಡಿ ಊರಿ ಇಳಿಯುವುದು ನಮಗೆ ರೂಢಿ. ಸ್ಕೀಯ ಮೇಲೆ ಹಾಗೆ ಒರಗಿದ ಕೂಡಲೇ ಭಾರವೆಲ್ಲ ಹಿಂಬದಿಗೆ ಹೋಗಿ, ಮುಂಬದಿ ಹಗುರಾಗಿ, ಸ್ಕೀ ತಿರುಗಲು ಒಪ್ಪದೆ ನೆಟ್ಟಗೆ ಓಡತೊಡಗುತ್ತದೆ. ಮೊಣಕಾಲನ್ನು ಮಡಿಸಿ, ಮೊಣಕಾಲಿನ ಕೆಳಗಿನ ಮುಂಬದಿಯ ಎಲುಬು ಬೂಟಿನ ನಾಲಿಗೆಗೆ ಒತ್ತುವಂತೆ ಇಳಿಜಾರಿನ ಕಡೆಗೇ ಬಾಗಬೇಕು. ಹೆದರಿಕೆಯಾದಾಗ ಇನ್ನಷ್ಟು ಮುಂದಕ್ಕೆ ಬಾಗಬೇಕೆಂಬುದನ್ನು ಮನಸ್ಸು ಒಪ್ಪಲು ಎರಡು ಮೂರು ದಿನ ಹಿಡಿಯುತ್ತದೆ. ಸ್ಕೀಗಳ ತುದಿ ಕೂಡಿಸಿ ಹಿಂಬದಿಯನ್ನು ಅಗಲಿಸಿ ವೇಗ ತಗ್ಗಿಸುವ ಸ್ನೋಪ್ಲೋ, ಆಮೇಲೆ ಅಡ್ಡಡ್ಡವಾಗಿ ಜಾರುವ ಸೈಡ್‌ಸ್ಲಿಪ್, ನಂತರ ಎರಡನ್ನೂ ಸಮಾನಾಂತರವಾಗಿಟ್ಟು ತಿರುಗುವುದು: ಈ ಕ್ರಮವನ್ನು ತಪ್ಪಿಸಬೇಡಿ. ನೋಡುವವರಿಗೆ ಸೈಡ್‌ಸ್ಲಿಪ್ ಆಕರ್ಷಕವಲ್ಲ. ಆದರೆ ಕಷ್ಟದ ಜಾಗಕ್ಕೆ ಬಂದು ಸಿಕ್ಕಿಕೊಂಡಾಗ ಕಾಪಾಡುವುದು ಅದೇ.

ವಿಡಿಯೋಗಳಲ್ಲಿ ಕಾಣುವ, ಎರಡೂ ತುದಿ ಮೇಲಕ್ಕೆ ಬಾಗಿದ ಟ್ವಿನ್‌ಟಿಪ್ ಸ್ಕೀಗಳ ಬಗ್ಗೆ ಕೇಳಿದ್ದೀರಿ. ಹಿಮ್ಮುಖವಾಗಿ ಜಾರುವುದಕ್ಕೂ ಜಿಗಿದು ಹಿಮ್ಮುಖವಾಗಿ ಇಳಿಯುವುದಕ್ಕೂ ಅನುಕೂಲವಾಗಲೆಂದು ಬಂದ ಅವು 1990ರ ದಶಕದ ಕೊನೆಯಲ್ಲಿ ಜನಪ್ರಿಯವಾಗಿ, ಫ್ರೀಸ್ಕೀಯಿಂಗ್ ಎಂಬ ಕಸರತ್ತಿನ ಸ್ಕೀಯಿಂಗ್ ಬೆಳೆದು, 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಅದರ ಹಾಫ್‌ಪೈಪ್ ಮತ್ತು ಸ್ಲೋಪ್‌ಸ್ಟೈಲ್ ವಿಭಾಗಗಳು ಸ್ಪರ್ಧೆಗಳಾಗಿ ಸೇರಿಕೊಂಡವು. ಅದು ಬೇರೆಯೇ ಅಭ್ಯಾಸ, ಸದ್ಯಕ್ಕೆ ನಿಮಗೆ ಸಂಬಂಧವಿಲ್ಲ. ಸ್ಕೀ, ಬೂಟು, ಕೋಲು, ಹೆಲ್ಮೆಟ್ ಎಲ್ಲವೂ ಅಲ್ಲಿ ಬಾಡಿಗೆಗೆ ಸಿಗುತ್ತವೆ. ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಟ್ಟುಕೊಡಬೇಕಾದ ಬೈಂಡಿಂಗ್‌ನ ಬಿಗಿತವನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ನಿಮ್ಮ ಮಟ್ಟಕ್ಕೆ ಹೊಂದಿಸಿಕೊಡುವಂತೆ ಅಂಗಡಿಯವರನ್ನು ಕೇಳಿ ಮಾಡಿಸಿಕೊಳ್ಳಿ. ಹಿಂದೆ ಒಯ್ದವನ ಅಳತೆಯಲ್ಲೇ ಉಳಿದರೆ ಮೊಣಕಾಲಿಗೆ ಕೇಡು. ಹತ್ತಿ ಬಟ್ಟೆಯನ್ನು ಮಾತ್ರ ಮನೆಯಲ್ಲೇ ಬಿಡಿ, ನೆನೆದರೆ ಮೈಯ ಶಾಖವನ್ನೆಲ್ಲ ಹೀರಿಬಿಡುತ್ತದೆ.

ಎರಡನೇ ಹಂತ ಬೇಡವೆಂದದ್ದಕ್ಕೆ ಕಾರಣ ಹಿಮಕುಸಿತ. ಹಿಮ ಬಿದ್ದು ಕೆಲವು ವಾರ ಒಣ ಚಳಿ ಹಿಡಿದರೆ, ಹಳೆಯ ಹಿಮದ ಕಣಗಳು ಒಂದಕ್ಕೊಂದು ಅಂಟದ ಸಡಿಲ ಹರಳುಗಳಾಗುತ್ತವೆ. ಅದರ ಮೇಲೆ ಒಮ್ಮೆಲೇ ಹೊಸ ಹಿಮ ಸುರಿದು, ಗಾಳಿ ಅದನ್ನು ಮರೆಯ ಬದಿಗೆ ಒಟ್ಟಿ ಗಟ್ಟಿ ಪದರವಾಗಿಸಿದರೆ, ಕಣದಲ್ಲಿ ಹರಡಿದ ರಾಗಿಯ ಮೇಲೆ ಹಲಗೆಯಿಟ್ಟು ಅದರ ಮೇಲೆ ನಿಂತಂತೆ. ಒಬ್ಬ ಸ್ಕೀಯರ್‌ನ ಭಾರಕ್ಕೇ ಇಡೀ ಪದರ ಬಿರುಕು ಬಿಟ್ಟು ಕಳಚಿಕೊಳ್ಳುತ್ತದೆ. ಇಂಥ ಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಆಗುತ್ತವೆ, ಸ್ಕೀಯರ್‌ಗಳು ಇಷ್ಟಪಡುವ ಇಳಿಜಾರೂ ಅದೇ ಆಗಿರುವುದು ತೊಂದರೆ. ಸಿಲುಕಿಕೊಂಡವರಲ್ಲಿ ಹೆಚ್ಚಿನವರ ವಿಷಯದಲ್ಲಿ ಕುಸಿತವನ್ನು ಎಬ್ಬಿಸಿದ್ದು ಅವರೇ, ಇಲ್ಲವೇ ಅವರ ಜೊತೆಗಾರರು. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಮೃತರಾದರು. ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದ ಒಬ್ಬರು. ದೂರದೇಶಗಳಿಂದ ಸ್ಕೀಗಾಗಿಯೇ ಬಂದವರ ಗತಿ ಅದಾದರೆ, ಹತ್ತು ದಿನ ಕಲಿತವರ ಮಾತೇನು? ಜಾಗದಲ್ಲಿ ಈಗಾಗಲೇ ಯಾರದೋ ಸ್ಕೀ ಗುರುತುಗಳಿವೆ ಎಂಬುದು ಸುರಕ್ಷತೆಗೆ ಸಾಕ್ಷಿಯಲ್ಲ. ಮೊದಲನೆಯವನನ್ನು ತಾಳಿಕೊಂಡ ಪದರ ಐದನೆಯವನಿಗೆ ಮುರಿದದ್ದುಂಟು.

ಹೂತುಹೋದವರನ್ನು ಬದುಕಿಸಬಲ್ಲವರು ಸೇನೆಯವರೂ ಅಲ್ಲ, ಪೊಲೀಸರೂ ಅಲ್ಲ, ಪಕ್ಕದಲ್ಲೇ ಇರುವ ಸ್ನೇಹಿತರು. ಹಿಮದಡಿ ಹದಿನೈದು ನಿಮಿಷ ಕಳೆಯಿತೆಂದರೆ ಉಸಿರುಗಟ್ಟಿ ಬದುಕುವ ಸಾಧ್ಯತೆ ಕಡಿದಾಗಿ ಇಳಿಯುತ್ತದೆ. ಕೆಳಗಿನಿಂದ ನೆರವು ಬರಲು ಅಷ್ಟು ಹೊತ್ತು ಸಾಲದು. ಆದ್ದರಿಂದ ಪ್ರತಿಯೊಬ್ಬರ ಮೈಮೇಲೂ 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕೊಡುವ, ಹೂತವರ ಸಂಕೇತವನ್ನು ಹಿಡಿದು ಹುಡುಕಲೂ ಬರುವ ಟ್ರಾನ್ಸ್‌ಸೀವರ್, ಚೀಲದಲ್ಲಿ ಹಿಮದೊಳಗೆ ಚುಚ್ಚಿ ನೋಡುವ ಪ್ರೋಬ್ ಕೋಲು ಮತ್ತು ಲೋಹದ ಸಲಿಕೆ ಇರಲೇಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ವ್ಯರ್ಥ. ಪ್ರೋಬ್ ವ್ಯಕ್ತಿಗೆ ತಗುಲಿದ ಮೇಲೆ ಅದನ್ನು ಕೀಳದೆ ಅಲ್ಲೇ ಬಿಟ್ಟು, ಹೂತ ಆಳದ ಒಂದೂವರೆ ಪಟ್ಟು ಕೆಳಗಿನಿಂದ ಅಡ್ಡಲಾಗಿ ಅಗೆಯುತ್ತಾ ಹೋಗಬೇಕು. ನೇರವಾಗಿ ಮೇಲಿನಿಂದ ಅಗೆದರೆ ಸಿಕ್ಕಿಕೊಂಡವರ ಉಸಿರಿಗಿರುವ ಚೂರುಪಾರು ಜಾಗವನ್ನೂ ತುಳಿದು ಮುಚ್ಚಿದಂತೆ.

ಇದನ್ನು ಕಲಿಯಲು ಹಿಮವೇ ಬೇಕಿಲ್ಲ. ನಮ್ಮ ಕಡೆ ನಾವು ಕೆಲವರು ತೋಟದ ಸಿಲ್ವರ್ ಮರಗಳ ಕೆಳಗೆ, ಮೊಣಕಾಲೆತ್ತರ ಗುಡ್ಡೆ ಹಾಕಿದ ತರಗೆಲೆಯೊಳಗೆ ಒಂದು ಟ್ರಾನ್ಸ್‌ಸೀವರನ್ನು ಡಬ್ಬಿಯಲ್ಲಿಟ್ಟು ಹುದುಗಿಸಿ, ಹುಡುಕುವ ಸರದಿ ಹಾಕಿಕೊಳ್ಳುತ್ತೇವೆ. ದೂರ ತೋರಿಸುವ ಅಂಕಿ ಇಳಿಯುತ್ತಾ ಬರುವಾಗ ಎಲ್ಲರೂ ಓಡುತ್ತಾರೆ. ಕೊನೆಯ ಮೂರು ಮೀಟರ್‌ನಲ್ಲಿ ನೆಲಕ್ಕೆ ಬಾಗಿ, ಉಪಕರಣವನ್ನು ತರಗೆಲೆಗೆ ತಾಗುವಷ್ಟು ಕೆಳಗೆ ಹಿಡಿದು, ಅದರ ಮುಖವನ್ನು ತಿರುಗಿಸದೆ ನಿಧಾನವಾಗಿ ಅಡ್ಡ ನೇರ ಸರಿಸಿ ಅತಿ ಚಿಕ್ಕ ಅಂಕಿಯನ್ನು ಕಂಡುಹಿಡಿಯುವುದರಲ್ಲೇ ಸಮಯ ಹೋಗುತ್ತದೆ. ಜೇಬಿನ ಮೊಬೈಲ್ ಫೋನು ಹತ್ತಿರವಿದ್ದರೆ ಅಂಕಿಗಳು ಕುಣಿಯತೊಡಗುತ್ತವೆ; ಹುಡುಕುವಾಗ ಕನಿಷ್ಠ ಅರ್ಧ ಮೀಟರ್ ಅಂತರ ಬೇಕು. ಹಾಗೆಯೇ ಮುಂದಿನ ಚಾರಣದಲ್ಲಿ ಕೋಲನ್ನು ಇಳಿಜಾರಿನ ಮೇಲೆ ಮಲಗಿಸಿ, ಅದರ ಮೇಲೆ ಫೋನಿನ ಕೋನಮಾಪಕವಿಟ್ಟು ನೋಡಿ. ಕಣ್ಣಂದಾಜು ಮೊದಲು ಹೇಳಿ, ಆಮೇಲೆ ಅಳೆಯಿರಿ. ಮೂವತ್ತು ಡಿಗ್ರಿಯ ಗುರುತು ಕಣ್ಣಿಗೆ ಹತ್ತಲು ನಮ್ಮ ಹುಲ್ಲುಗುಡ್ಡಗಳು ಸಾಕು.

ಸ್ನೇಹದ ಮಾತಿಗೆ ಬರುತ್ತೇನೆ. ನಾಲ್ವರು ಹಳೆಯ ಗೆಳೆಯರ ಗುಂಪಿಗೆ ಒಂದು ದೊಡ್ಡ ಅನುಕೂಲವಿದೆ, ಒಬ್ಬರ ಸುಸ್ತು ಇನ್ನೊಬ್ಬರಿಗೆ ಮುಖ ನೋಡಿದರೇ ತಿಳಿಯುತ್ತದೆ. ಅದರ ಜೊತೆಗೆ ಅಷ್ಟೇ ದೊಡ್ಡ ತೊಡಕೂ ಇದೆ: ಬೇಡವೆನ್ನಲು ದಾಕ್ಷಿಣ್ಯ. ಇಷ್ಟು ದೂರ ಖರ್ಚು ಮಾಡಿಕೊಂಡು ಬಂದಿದ್ದೇವೆ, ನಾನೊಬ್ಬ ಅಡ್ಡಿಯಾಗುವುದೇಕೆ ಎಂದು ಸುಮ್ಮನಾಗುವವನೇ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಹಾಗಾಗಿ ಊರಲ್ಲೇ ಒಂದು ಒಪ್ಪಂದ ಮಾಡಿಕೊಳ್ಳಿ. ನಾಲ್ವರಲ್ಲಿ ಯಾರೊಬ್ಬರು ಬೇಡವೆಂದರೂ, ಕಾರಣ ಕೇಳದೆ, ಸಂಜೆ ಗೇಲಿ ಮಾಡದೆ, ಎಲ್ಲರೂ ಹಿಂದಿರುಗಬೇಕು. ಅಭಿಪ್ರಾಯವನ್ನು ಅತಿ ಕಡಿಮೆ ಅನುಭವದವರಿಂದ ಮೊದಲು ಕೇಳಿ, ಏಕೆಂದರೆ ಜೋರಾಗಿ ಸ್ಕೀ ಮಾಡುವವನು ಮೊದಲು ಬಾಯಿ ತೆರೆದರೆ ಉಳಿದವರ ಬಾಯಿ ಮುಚ್ಚುತ್ತದೆ. ಮುಂದೊಂದು ವರ್ಷ ನೀವು ಗೈಡ್ ಜೊತೆ ಆ ಇಳಿಜಾರಿಗೆ ಹೋದಾಗಲೂ ಒಬ್ಬೊಬ್ಬರಾಗಿ ಇಳಿಯಿರಿ, ಉಳಿದವರು ಕಣ್ಣು ಕೀಳದೆ ನೋಡುತ್ತಿರಲಿ, ನಿಲ್ಲುವುದು ಬೆಟ್ಟದ ಏಣಿನ ಮೇಲೋ ದಟ್ಟ ಮರಗಳ ಬದಿಗೋ ಆಗಲಿ, ಇಳಿಜಾರಿನ ಬುಡದಲ್ಲಿ ಅಲ್ಲ. ಎಲ್ಲರಿಗಿಂತ ಹಿಂದೆ ಬರುವವನು ನುರಿತವನಾಗಿರಲಿ. ಬಿದ್ದವನಿಗೆ ನೆರವಾಗಲು ಮೇಲಿನಿಂದ ಇಳಿದು ಬರುವುದು ಸುಲಭ, ಕೆಳಗಿನಿಂದ ಹತ್ತಿ ಬರುವುದು ಕಷ್ಟ.

ಸಮಯದ ಬಗ್ಗೆ ಒಂದೆರಡು ಮಾತು. ಡಿಸೆಂಬರ್ 21ರಿಂದ ನಲವತ್ತು ದಿನಗಳ ಚಿಲ್ಲೈ ಕಲಾನ್ ಕಾಶ್ಮೀರದ ಕಡುಚಳಿಯ ಕಾಲ. ಆದರೂ ಹಿಮ ತರುವುದು ಪಶ್ಚಿಮದಿಂದ ಬರುವ ಮಾರುತಗಳಾದ್ದರಿಂದ, ಅವು ಕೈಕೊಟ್ಟರೆ ಚಳಿಯಿದ್ದೂ ಹಿಮವಿರುವುದಿಲ್ಲ. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವೇ ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಲ್ಪಟ್ಟಿತು. ನಿಮ್ಮಲ್ಲಿ ಇಬ್ಬರಿಗೆ ತೋಟವಿದೆ ಎಂದಿದ್ದೀರಿ. ಅರೇಬಿಕಾ ಕೊಯ್ಲು ಮುಗಿದಿದ್ದರೆ ಫೆಬ್ರವರಿ ಮೊದಲ ಭಾಗ ಸರಿ, ರೊಬಸ್ಟಾ ಇದ್ದರೆ ಆಗಲೇ ಕೊಯ್ಲಿನ ಭರಾಟೆ, ಅದರ ಬೆನ್ನಿಗೇ ಹೂವಿಗೆ ಸ್ಪ್ರಿಂಕ್ಲರ್ ನೀರು. ಮನೆಯಲ್ಲಿ ನೋಡಿಕೊಳ್ಳುವವರನ್ನು ಗೊತ್ತುಮಾಡಿಕೊಂಡೇ ಟಿಕೆಟ್ ಮಾಡಿ.

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ವಿದೇಶದ ನೆಂಟರು ಕೊಟ್ಟ ಉಪಗ್ರಹ ಸಂದೇಶ ಉಪಕರಣ ಇದ್ದರೆ ಒಯ್ಯಬೇಡಿ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ, ಅದರಲ್ಲೂ ಅಲ್ಲಿಂದ ನಿಯಂತ್ರಣ ರೇಖೆ ದೂರವಿಲ್ಲ. ವಿಮೆ ಮಾಡಿಸುವಾಗ ಸ್ಕೀಯಿಂಗ್, ಅದರಲ್ಲೂ ಗುರುತು ಮಾಡಿದ ಹಾದಿಯ ಹೊರಗಿನದು, ಸೇರಿದೆಯೇ ಎಂದು ಷರತ್ತುಗಳನ್ನು ಓದಿ ನೋಡಿ. ಟ್ರಾನ್ಸ್‌ಸೀವರ್ ಅಭ್ಯಾಸಕ್ಕೆ ಬರುವ ಮನಸ್ಸಿದ್ದರೆ ಕೊಯ್ಲು ಶುರುವಾಗುವ ಮೊದಲು ಯಾವುದಾದರೂ ಭಾನುವಾರ ಚಿಕ್ಕಮಗಳೂರಿಗೆ ಬನ್ನಿ, ಇಲ್ಲೇ ತಿಳಿಸಿದರೆ ದಿನ ಗೊತ್ತುಮಾಡೋಣ.