ಪ್ರತಿಕ್ರಿಯೆ: ಇ.ಎಫ್. 50ಕ್ಕೆ ಬಂದ ಮೇಲೆ ಮಾತ್ರೆ ಬಿಡಬಹುದಾ?
ಅಪ್ಪನ ಇ.ಎಫ್. (ಹೃದಯ ಪ್ರತಿ ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ) ವರ್ಷದಲ್ಲಿ 25ರಿಂದ 50ಕ್ಕೆ ಏರಿದೆ, ಉಡುಪಿಯಲ್ಲಿ ಆರಾಮಾಗಿ ಓಡಾಡಿಕೊಂಡಿದ್ದಾರೆ, ಇನ್ನೂ ಇಷ್ಟೊಂದು ಮಾತ್ರೆ ಬೇಕಾ ಅಂತ ಕೇಳಿದ್ದೀರಿ. ನೀವಾಗಿಯೇ ನಿಲ್ಲಿಸಬೇಡಿ ಮಾರಾಯ್ರೆ.

ಹಿಗ್ಗಿದ ಹೃದಯ ಔಷಧಿಯಿಂದ ಹೀಗೆ ಸುಧಾರಿಸುವುದು ಉಂಟು. ಆದರೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಚೆನ್ನಾಗಿ ಕಂಡಿತು ಅಂದರೆ ಕಾಯಿಲೆ ಹೋಯಿತು ಅಂತಲ್ಲ. ಇದನ್ನೇ ಪರೀಕ್ಷಿಸಿದ ಟ್ರೆಡ್-ಎಚ್‌ಎಫ್ ಎಂಬ ಬ್ರಿಟನ್ನಿನ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಚೇತರಿಸಿಕೊಂಡು ಯಾವ ತೊಂದರೆಯೂ ಇಲ್ಲದಿದ್ದ 51 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವೈದ್ಯರೇ ನಿಗಾ ಇಟ್ಟು ಹಂತಹಂತವಾಗಿ ಮಾತ್ರೆ ಬಿಡಿಸಿದರು. ಆರು ತಿಂಗಳೊಳಗೆ ಅವರಲ್ಲಿ ಶೇ. 44 ಮಂದಿಗೆ ಕಾಯಿಲೆ ಮರುಕಳಿಸಿತು. ಮಾತ್ರೆ ಮುಂದುವರಿಸಿದವರಲ್ಲಿ ಆ ಅವಧಿಯಲ್ಲಿ ಒಬ್ಬರಿಗೂ ಇಲ್ಲ. ಕುಡಿತ, ಥೈರಾಯ್ಡ್, ವಿಪರೀತ ಎದೆಬಡಿತದಂಥ ಕಾರಣದಿಂದ ಬಂದದ್ದಾದರೆ ಲೆಕ್ಕ ಸ್ವಲ್ಪ ಬೇರೆ; ಅದನ್ನು ಹೃದ್ರೋಗ ತಜ್ಞರೇ ಹೇಳಬೇಕು.

ನೀವು ಕೇಳದ ಒಂದು ವಿಷಯ: ಚೀಟಿಯಲ್ಲಿ ಸ್ಪೈರೊನೊಲ್ಯಾಕ್ಟೋನ್ ಇದೆ, ದಿನಾ ಎರಡು ಬೊಂಡ (ಎಳನೀರು) ಕುಡಿಸುತ್ತೇವೆ ಅಂತಲೂ ಬರೆದಿದ್ದೀರಿ. ಆ ಮಾತ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ, ಬೊಂಡದಲ್ಲೂ ಅದು ಧಾರಾಳ; ಮಿತಿಮೀರಿದರೆ ಹೃದಯಕ್ಕೇ ಅಪಾಯ. ಡಾಕ್ಟರಿಗೆ ಇದನ್ನು ಹೇಳಿ, ರಕ್ತದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು) ನೋಡಿಸುವವರೆಗೆ ಬೊಂಡ ಬದಿಗಿಡಿ. ಗಂಜಿ ತೊಂದರೆಯಿಲ್ಲ, ಜೊತೆಗಿನ ಒಣಮೀನು, ಉಪ್ಪಿನಕಾಯಿಯಲ್ಲಿರುವ ಉಪ್ಪಿನದ್ದೇ ತಾಪತ್ರಯ.

ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಫೋನ್ ಮಾಡಿ. ಖರ್ಚೇ ಸಮಸ್ಯೆಯಾದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ, ಈ ಮಾತ್ರೆಗಳಲ್ಲಿ ಕೆಲವು ಅಲ್ಲಿ ಅಗ್ಗಕ್ಕೆ ಸಿಗುತ್ತವೆ.