ಅವಿಭಾಜ್ಯಗಳನ್ನು ಎಣಿಸೋಕೆ ಕ್ಯಾಲ್ಕುಲಸ್ ಯಾಕೆ?

ಪ್ರಶ್ನೆ: ಅವಿಭಾಜ್ಯ ಸಂಖ್ಯೆಗಳು ಬಿಡಿಬಿಡಿ. ಕ್ಯಾಲ್ಕುಲಸ್ ಅಂದರೆ ನಿರಂತರ ಬದಲಾವಣೆಯ, ಕೊನೆಯಿಲ್ಲದ ಮೊತ್ತಗಳ ಗಣಿತ. ಇವೆರಡಕ್ಕೂ ಎಲ್ಲಿಯ ನಂಟು?

ಉತ್ತರ: ನಂಟು ಬೆಳೆಸಿದ್ದು ಗಣಿತಜ್ಞ ಆಯ್ಲರ್, 1737ರಲ್ಲಿ. 1 + 1/2 + 1/3 + 1/4... ಅಂತ ಕೂಡುತ್ತಾ ಹೋದರೆ ಮೊತ್ತ ಎಲ್ಲೂ ನಿಲ್ಲದೆ ಬೆಳೆಯುತ್ತದೆ. ಪ್ರತಿ ಸಂಖ್ಯೆಯೂ ಅವಿಭಾಜ್ಯಗಳ ಗುಣಲಬ್ಧವೇ ಅಲ್ವಾ, ಹಾಗಾಗಿ ಅದನ್ನೇ 2/1 × 3/2 × 5/4 × 7/6... ಅಂತ ಅವಿಭಾಜ್ಯಕ್ಕೊಂದರಂತೆ ಗುಣಿಸಿಯೂ ಬರೆಯಬಹುದು. ಅವಿಭಾಜ್ಯಗಳು ಎಲ್ಲೋ ಮುಗಿದಿದ್ದರೆ ಈ ಗುಣಾಕಾರವೂ ಒಂದು ಸಂಖ್ಯೆಯಲ್ಲಿ ನಿಲ್ಲಬೇಕಿತ್ತು. ಆದರೆ ಅದಕ್ಕೆ ಸಮನಾದ ಮೊತ್ತ ನಿಲ್ಲಲ್ಲ, ಅಂದರೆ ಅವಿಭಾಜ್ಯಗಳು ಅನಂತ! ನನಗಂತೂ ಇದು ಇಡೀ ವಿಷಯದಲ್ಲೇ ಸೊಗಸಾದ ಜಾಗ.

1859ರಲ್ಲಿ ಗಣಿತಜ್ಞ ರೀಮಾನ್ ಆ ಮೊತ್ತದ ಪ್ರತಿ ಛೇದಕ್ಕೂ ಸಂಕೀರ್ಣ ಘಾತ (-1ರ ವರ್ಗಮೂಲವನ್ನೂ ಬಳಸುವ ಸಂಖ್ಯೆಯ ಘಾತ) ಹಾಕಿದರು. ಅದೇ ಝೀಟಾ ಫಂಕ್ಷನ್. ಅದು ಎಲ್ಲೆಲ್ಲಿ ಸೊನ್ನೆಯಾಗುತ್ತದೋ ಅದರ ಮೇಲೆ ಅವಿಭಾಜ್ಯಗಳ ಹಂಚಿಕೆ ನಿಂತಿದೆ. ಈ ದಾರಿಯಲ್ಲೇ 1896ರಲ್ಲಿ ಸಾಬೀತಾದದ್ದು: ಸಂಖ್ಯೆಯನ್ನು ಅದರ ಸ್ವಾಭಾವಿಕ ಲಾಗರಿದಮ್‌ನಿಂದ (ಸುಮಾರು 2.718 ಆಧಾರದ ಲಾಗರಿದಮ್) ಭಾಗಿಸಿ, ಅಲ್ಲಿಯವರೆಗಿನ ಅವಿಭಾಜ್ಯಗಳ ಅಂದಾಜು ಸಿಗುತ್ತದೆ. 10 ಲಕ್ಷಕ್ಕೆ ಅಂದಾಜು 72,382, ನಿಜ ಎಣಿಕೆ 78,498.